ನಕ್ಷೆಯಲ್ಲಿ ಇಲ್ಲದ ಉಳ್ಳಾಗಡ್ಡಿ ಅವ್ವ

ನಾನು ಮೊಬೈಲಿನ ಪರದೆಯ ಮೇಲೆ ಒಂದು ಗುಂಡಿ ಇಟ್ಟರೆ ಸಾಕು, ಅದನ್ನು ನಾನು ಕನಸಿನಲ್ಲೂ ಎಣಿಸದ ರೀತಿಯಲ್ಲಿ ಒತ್ತುವವರು ರೋಣದಲ್ಲೋ ನರಗುಂದದಲ್ಲೋ ಗಜೇಂದ್ರಗಡದಲ್ಲೋ ಅಂದೇ ಸಿಕ್ಕಿಬಿಡುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ. ಆದರೆ ಸಿಟ್ಟು ಇಳಿದ ಮೇಲೆ ಕೂತು ಯೋಚಿಸಿದರೆ, ತಪ್ಪು ಹತ್ತರಲ್ಲಿ ಒಂಬತ್ತು ಸಲ ನನ್ನದೇ ಆಗಿರುತ್ತದೆ. ಆ ಹತ್ತನೆಯದನ್ನು ಇನ್ನೂ ಹುಡುಕುತ್ತಿದ್ದೇನೆ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ನಮ್ಮ ಅತ್ತೆ ಕೇಳಿದವರಿಗೆಲ್ಲ, “ನಮ್ಮ ಸೊಸಿ ಊರು ರಿಪೇರಿ ಮಾಡೂ ಮೊಬೈಲ್ ತಯಾರ ಮಾಡ್ತಾಳ” ಎನ್ನುತ್ತಾರೆ. ನಮ್ಮ ಕಚೇರಿಯ ಸಾಹೇಬರು ನಾಲ್ಕು ಪುಟ ಬರೆದು ಹೇಳುವುದನ್ನು ಅತ್ತೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದಾರೆ. ಊರಿನ ಹಾಳುಬಿದ್ದ ಜಾಗಗಳನ್ನು ಊರವರೇ ಸೇರಿ ಸರಿಮಾಡಿಕೊಳ್ಳಬೇಕು. ಎಲ್ಲಿ ಏನು ಕೆಟ್ಟಿದೆ, ಅಲ್ಲಿ ಏನಾಗಬೇಕು ಎಂದು ಮೊಬೈಲಿನಲ್ಲೇ ತಿಳಿಸಬೇಕು, ಮತ ಹಾಕಬೇಕು. ಹೆಚ್ಚು ಮಂದಿ ಹೇಳಿದ್ದು ನಡೆಯಬೇಕು. ಅದಕ್ಕೊಂದು ಆ್ಯಪ್. ನಾನು ಹುಟ್ಟಿದ್ದು ನರೇಗಲ್‌ನಲ್ಲಿ, ಈ ಸೀಮೆಯ ಮಾತು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಹುಬ್ಬಳ್ಳಿಯ ಕಚೇರಿಯವರು ಮೂರೂ ಊರುಗಳನ್ನು ನನ್ನ ಕೊರಳಿಗೆ ಕಟ್ಟಿದರು.

ಈ ಮೂರರಲ್ಲಿ ಒಂದೂರಿನಲ್ಲಿ ಒಂದು ಹಳೇ ಬಾವಿ ಕಟ್ಟೆ ಇದೆ. ಯಾವ ಊರು ಎಂದು ಹೇಳುವುದಿಲ್ಲ, ಹೇಳಿದರೆ ಆ ಊರಲ್ಲಿ ನನ್ನನ್ನು ಬಸ್ಸಿನಿಂದ ಇಳಿಯಗೊಡುವುದಿಲ್ಲ. ಬಾವಿ ಹೂಳು ತುಂಬಿದೆ, ಕಟ್ಟೆ ಕುಸಿದಿದೆ, ಪಕ್ಕದಲ್ಲಿ ಒಂದು ಬೇವಿನ ಮರ. ಅದನ್ನು ಹೊಸದಾಗಿ ಮಾಡುವುದೇ ನಮ್ಮ ಆ್ಯಪಿನ ಮೊದಲ ದೊಡ್ಡ ಪರೀಕ್ಷೆ. ಮೇಲಿನಿಂದ ತೆಗೆದ ಫೋಟೋ ನೋಡಿಕೊಂಡು ನಾನು ಅದರ ನಕ್ಷೆ ಬರೆದೆ. ಬೇವಿನ ಮರದ ಬುಡದಲ್ಲಿ ಒಂದು ಕಂದು ಮಚ್ಚೆ ಕಾಣುತ್ತಿತ್ತು. ಯಾವುದೋ ಕಸ ಇರಬೇಕೆಂದು ಅಳಿಸಿ ಹಾಕಿದೆ. ಆಮೇಲೆ ಊರಿಗೆ ಹೋಗಿ ನೋಡಿದರೆ ಅದು ಗೋಣಿಚೀಲದ ನೆರಳು, ನೆರಳಿನ ಕೆಳಗೆ ಉಳ್ಳಾಗಡ್ಡಿ ಅಂದರೆ ಈರುಳ್ಳಿಯ ರಾಶಿ, ಬೆಳ್ಳೊಳ್ಳಿ, ತಕ್ಕಡಿ, ಮತ್ತು ಒಬ್ಬ ಮುದುಕಿ. ಊರೆಲ್ಲ ಆಕೆಯನ್ನು ಉಳ್ಳಾಗಡ್ಡಿ ಅವ್ವ ಎನ್ನುತ್ತದೆ. ಮದುವೆಯಾಗಿ ಬಂದ ವರ್ಷದಿಂದ ಅಲ್ಲೇ ಕೂತಿದ್ದಾಳಂತೆ.

“ಏನ ಬರದೀ ಯವ್ವಾ, ತೋರಸು” ಎಂದಳು. ತೋರಿಸಿದೆ. ಬಾವಿ ಇತ್ತು, ಬೇವಿನ ಗಿಡ ಇತ್ತು, ಎದುರಿನ ವಿದ್ಯುತ್ ಕಂಬ ಕೂಡ ಇತ್ತು.

“ನಾ ಎಲ್ಲೆದೀನಿ?”

ನನಗೆ ನಾಚಿಕೆಯಾಯಿತು. “ಹಾಕ್ತೀನಿ ಅವ್ವಾ” ಎಂದೆ. ಆದರೆ ನಕ್ಷೆ ಅಷ್ಟರಲ್ಲಿ ಪುರಸಭೆಗೆ ಹೋಗಿ, ಸಹಿಯಾಗಿ, ಕಡತದಲ್ಲಿ ಕೂತುಬಿಟ್ಟಿತ್ತು. ಇನ್ನು ಅದನ್ನು ಬದಲಿಸಬೇಕಾದರೆ ಜನರ ಮತ ಬರಬೇಕು, ಇಲ್ಲವೇ ದಾಖಲೆ ಬೇಕು. ಮತ ಬರಬೇಕಾದರೆ ಆ್ಯಪ್ ಸರಿಯಾಗಿ ನಡೆಯಬೇಕು. ಹೀಗೆ ಅವ್ವನ ಜಾಗ ನನ್ನ ಆ್ಯಪಿಗೆ ಗಂಟುಬಿತ್ತು, ಆ್ಯಪ್ ನಡೆದದ್ದು ಹೇಗೆಂದು ಈಗ ಕೇಳಿ.

1. ಅಂಗಡಿಯೊಳಗಿನ ಗಟಾರ

ಆ್ಯಪಿನಲ್ಲಿ ದೂರು ಕೊಡುವವರಿಗೆ ತೊಂದರೆಯಾಗಬಾರದೆಂದು ನಾನೊಂದು ಜಾಣತನ ಮಾಡಿದ್ದೆ. ಫೋನು ಎಲ್ಲಿ ನಿಂತಿದೆಯೋ ಆ ಜಾಗವನ್ನು ಅದು ತಾನಾಗಿಯೇ ಗುರುತು ಮಾಡಿಕೊಳ್ಳುತ್ತಿತ್ತು. ತುಂಬಿದ ಗಟಾರದ ಮುಂದೆ ನಿಂತು ಗುಂಡಿ ಒತ್ತಿದರೆ ನಕ್ಷೆಯಲ್ಲಿ ಅಲ್ಲೇ ಒಂದು ಕೆಂಪು ಚುಕ್ಕೆ ಬೀಳಬೇಕು.

ಗಟಾರದ ಮುಂದೆ ನಿಂತು ಯಾರು ಅರ್ಜಿ ತುಂಬುತ್ತಾರೆ? ನಮ್ಮ ಕಡೆ ಅರ್ಜಿ ಎಂದರೆ ಝೆರಾಕ್ಸ್ ಅಂಗಡಿ. ಪಹಣಿ, ರೇಷನ್ ಕಾರ್ಡು, ಮಕ್ಕಳ ಸ್ಕಾಲರ್‌ಶಿಪ್ಪು, ಏನೇ ಇರಲಿ, ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕೂತು, “ಇದೊಂದ ತುಂಬಿ ಕೊಡೋ ತಮ್ಮಾ” ಎನ್ನುವುದು. ರೋಣದಲ್ಲಿ ಜನ ಆ್ಯಪನ್ನೂ ಹಾಗೇ ತೆಗೆದುಕೊಂಡು ಒಂದೇ ಅಂಗಡಿಗೆ ಹೋದರು. ಅಂಗಡಿಯವನು ಒಳ್ಳೆಯ ಮನುಷ್ಯ, ಕೂತಲ್ಲೇ ಎಲ್ಲರದೂ ತುಂಬಿಕೊಟ್ಟ.

ನಾನು ಹುಬ್ಬಳ್ಳಿಯಲ್ಲಿ ನಕ್ಷೆ ತೆರೆದು ನೋಡಿದರೆ ರೋಣ ಪೂರ್ತಿ ಸ್ವಚ್ಛ. ಒಂದೇ ಒಂದು ಜಾಗದಲ್ಲಿ ಮಾತ್ರ ಕೆಂಪು ಚುಕ್ಕೆಗಳು ಮುಕುರಿಕೊಂಡಿದ್ದವು. ತುಂಬಿದ ಗಟಾರ, ಒಡೆದ ನಳ, ಉರಿಯದ ಕಂಬ, ಬೀದಿನಾಯಿ, ಎಲ್ಲ ಅಲ್ಲೇ. ನನಗೆ ಖುಷಿಯೋ ಖುಷಿ. ಊರಿನ ರೋಗ ಎಲ್ಲಿದೆ ಎಂದು ಆ್ಯಪ್ ಒಂದೇ ವಾರದಲ್ಲಿ ಹಿಡಿದುಕೊಟ್ಟಿತು ಎಂದು ಪುರಸಭೆಗೆ ವರದಿ ಬರೆದೆ. ತಕ್ಷಣ ಮಂದಿಯನ್ನು ಕಳಿಸಿ ಎಂದೂ ಬರೆದೆ.

ಮರುದಿನ ಹನ್ನೊಂದಕ್ಕೆ ಅಂಗಡಿಯವನ ಫೋನು ಬಂತು.

“ಅಕ್ಕಾರ, ನಾಲ್ಕ ಮಂದಿ ಸಲಕಿ, ಬುಟ್ಟಿ, ಬ್ಲೀಚಿಂಗ್ ಪೌಡರ್ ತಗೊಂಡ ಬಂದಾರ್ರಿ. ಗಟಾರ ಎಲ್ಲೈತಿ ಅಂತ ಕೇಳಾಕತ್ತಾರ. ನನ್ನ ಅಂಗಡಿಯೊಳಗ ಗಟಾರ ಇಲ್ರಿ ಅಂದ್ರ ನಂಬವಲ್ರು.”

“ನೀವ ಹೇಳ್ರಿ ಅವರಿಗೆ.”

“ಹೇಳೀನ್ರಿ. ಮೊಬೈಲ್ ಸುಳ್ಳ ಹೇಳೂದಿಲ್ಲ ಅಂತಾರ. ಝೆರಾಕ್ಸ್ ಮಶೀನ್ ಎತ್ತಿ ಹಿಂದ ನೋಡಿದ್ರು. ಈಗ ನೆಲದ ಫರಸಿ ಕೀಳೂಣೇನು ಅಂತ ಮಾತಾಡಾಕತ್ತಾರ.”

ನಾನು ಫೋನನ್ನು ಅವರಿಗೆ ಕೊಡಿಸಿ, ಕ್ಷಮೆ ಕೇಳಿ, ಎಲ್ಲ ತಿಳಿಸಿ ಹೇಳಿದೆ. ಅವರು ಒಪ್ಪಿಕೊಂಡು ಹೋದರು. ಅರ್ಧ ತಾಸಿಗೆ ಅಂಗಡಿಯವನ ಫೋನು ಮತ್ತೆ ಬಂತು. ಈ ಸಲ ದನಿ ಬಹಳ ಮೆತ್ತಗಿತ್ತು.

“ಅಕ್ಕಾರ, ನಾಯಿ ಹಿಡಿಯೂ ಗಾಡಿ ಬಂದ ನಿಂತೈತ್ರಿ. ಇಷ್ಟ ದೂರಿಂದ ಬಂದೀವಿ, ಬರಿಗೈಲೆ ಹೋಗೂದಿಲ್ಲ ಅಂತಾರ. ನಾನ ಹತ್ತಿ ಕುಂದರ್ಲೇನ್ರಿ?”

2. ಸಮಸ್ಯೆಯ ಫೋಟೋ

ಆ ವಾರ ಬಸ್ ಬದಲಿಸಲು ಬಾವಿ ಕಟ್ಟೆಯ ಊರಲ್ಲಿ ಇಳಿದಾಗ ಅವ್ವ ಕೇಳಿದಳು, “ನನ್ನ ಜಾಗಾ ಎಲ್ಲಿಗೆ ಬಂತು?”

“ಫೋಟೋ ಕೆಲಸ ಒಂದ ಐತಿ ಅವ್ವಾ. ಅದ ಆದ್ರ ನಿನ್ನ ಕಟ್ಟೀದೂ ಬರತೈತಿ” ಎಂದು ಹೇಳಿ ನರಗುಂದಕ್ಕೆ ಹೋದೆ.

ಜಾಗದ ಗುರುತು ಕೈಕೊಟ್ಟಿತಲ್ಲ, ಅದಕ್ಕೆ ಫೋಟೋ ಕಡ್ಡಾಯ ಮಾಡಿದ್ದೆ. ‘ಸಮಸ್ಯೆಯ ಫೋಟೋ ಹಾಕಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಕೆಳಗೊಂದು ಚೌಕ ಇಟ್ಟೆ. ಚೌಕ ಕಂಡ ಕೂಡಲೇ ನಮ್ಮ ಜನಕ್ಕೆ ಅಲ್ಲಿ ಏನು ಅಂಟಿಸಬೇಕೆಂದು ಗೊತ್ತು. ಹುಟ್ಟಿದಾಗಿನಿಂದ ಎಲ್ಲ ಅರ್ಜಿಯ ಮೂಲೆಯಲ್ಲೂ ಅದೇ ಚೌಕ ನೋಡಿದ್ದಾರೆ. ಪಾಸ್‌ಪೋರ್ಟ್ ಸೈಜು ಫೋಟೋ.

ಎರಡು ದಿನದಲ್ಲಿ ಬಂದವು ನೋಡಿ, ಒಂದಕ್ಕಿಂತ ಒಂದು ಚೆಂದ. ಎಣ್ಣೆ ಹಚ್ಚಿ ಬಾಚಿದ ತಲೆ, ಹಣೆಯಲ್ಲಿ ವಿಭೂತಿ, ಹಿಂದೆ ನೀಲಿ ಪರದೆ. ಕೆಲವರು ಸ್ಟುಡಿಯೋದವನ ಕರೀ ಕೋಟು ತೊಟ್ಟಿದ್ದರು, ಒಂದೇ ಕೋಟು ಎಂಟು ಮಂದಿಯ ಮೈಮೇಲೆ. ಒಬ್ಬ ಹೆಣ್ಣುಮಗಳು ಮಾತ್ರ ನಳದ ಹತ್ತಿರ ನಿಂತು ತೆಗೆಸಿಕೊಂಡಿದ್ದಳು. ಹಬ್ಬದ ಇಳಕಲ್ ಸೀರೆಯ ನೆರಿಗೆ ಚಂದ ಕಾಣಲಿ ಎಂದೋ ಏನೋ, ಸರಿಯಾಗಿ ನಳವನ್ನು ಮರೆಮಾಡಿಕೊಂಡು ನಿಂತಿದ್ದಳು.

ಬಂದ ದೂರುಗಳನ್ನು ವಿಂಗಡಿಸಲು ನನ್ನ ಜೊತೆ ಒಬ್ಬ ಹಿರಿಯ ಗುಮಾಸ್ತರನ್ನು ಕೂಡಿಸಿದ್ದರು. ನಿವೃತ್ತಿಗೆ ಹತ್ತಿರ ಬಂದವರು, ಜೀವಮಾನವೆಲ್ಲ ದೂರು ಇಸಿದುಕೊಂಡೇ ಕಳೆದವರು. ನಾನು ತಲೆ ಚಚ್ಚಿಕೊಳ್ಳುತ್ತ ಒಂದೊಂದೇ ಫೋಟೋ ತೆಗೆದುಹಾಕುತ್ತಿದ್ದೆ. ಗಟಾರ ಎಂದು ಬರೆದಲ್ಲಿ ಒಬ್ಬ ಅಜ್ಜ, ಕಸ ಎಂದು ಬರೆದಲ್ಲಿ ಒಬ್ಬ ಮಾಸ್ತರು. ಗುಮಾಸ್ತರು ಚಹಾ ಕುಡಿಯುತ್ತ ಕೂತಿದ್ದರು. ಒಂದು ಫೋಟೋ ಬಂದಾಗ ಮಾತ್ರ ಕಪ್ಪನ್ನು ಕೆಳಗಿಟ್ಟರು. ಬಿಳೀ ಟೋಪಿ, ದಪ್ಪ ಮೀಸೆ, ಬಗಲಲ್ಲಿ ಕಾಗದಪತ್ರ ತುಂಬಿದ ಚೀಲ.

“ಅದನ್ನ ತಗೀಬ್ಯಾಡ್ರಿ ಮೇಡಂ.”

“ಯಾಕ್ರಿ?”

“ಪ್ರತಿ ಸೋಮವಾರ ಹತ್ತ ಗಂಟೇಕ ನನ್ನ ಟೇಬಲ್ ಮುಂದ ಬಂದ ನಿಂದರ್ತಾರ. ಅಲ್ಲೇನ ಬರದೀರಿ, ಸಮಸ್ಯೆಯ ಫೋಟೋ ಅಂತಲ್ಲ? ಇದೊಂದ ಖರೇ ಬಂದೈತ್ರಿ.”

3. ಮೊದಲು ಕ್ಷೇಮ ಸಮಾಚಾರ

ಬರೆಯಲು ಬಾರದವರು ಏನು ಮಾಡಬೇಕು ಎಂದು ಗಜೇಂದ್ರಗಡದ ನೇಕಾರ ಓಣಿಯಲ್ಲಿ ಒಬ್ಬಾಕೆ ಕೇಳಿದರು. ನ್ಯಾಯವಾದ ಮಾತು. ಉಳ್ಳಾಗಡ್ಡಿ ಅವ್ವನಿಗೂ ಬರೆಯಲು ಬರುವುದಿಲ್ಲ. ಹಾಗಾಗಿ ಮಾತಾಡಿ ಹೇಳುವ ಸೌಕರ್ಯ ಮಾಡಿದೆ. ಗುಂಡಿ ಒತ್ತಿ, ಒಂದು ನಿಮಿಷದಲ್ಲಿ ತಮ್ಮ ತೊಂದರೆ ಹೇಳಿದರೆ ಮುಗಿಯಿತು. ತೊಂದರೆ ಹೇಳಲು ಒಂದು ನಿಮಿಷ ಸಾಕೇ ಸಾಕು ಎಂದು ನಮ್ಮ ಕಚೇರಿಯಲ್ಲಿ ಎಲ್ಲರೂ ಒಪ್ಪಿದ್ದರು.

ಮೊದಲ ದಿನದ ದನಿಗಳನ್ನು ಕೇಳಲು ಕೂತೆ.

“ನಮಸ್ಕಾರ್ರಿ. ಆರಾಮದೀರಿ? ನಾವೂ ಆರಾಮದೀವ್ರಿ. ಊಟ ಆತ್ರಿ? ನಮ್ದೂ ಈಗ ಆತು. ಮನ್ಯಾಗ ಎಲ್ಲಾರೂ ಚಲೋ ಅದಾರ? ಹೋದ ವಾರ ನಮ್ಮ ಕಡೆ ಒಂದ ಹನಿ ಮಳಿ ಬಂತ್ರಿ, ನಿಮ್ಮ ಕಡೆ ಬಂತೇನು? ಬಂದಿದ್ರ ಚಲೋ ಆತು. ಮಕ್ಳು ಸಾಲಿಗೆ ಹೊಂಟಾವೇನ್ರಿ? ಹಾಂ, ನಾ ಯಾಕ ಫೋನ್ ಹಚ್ಚಿದ್ನಿ ಅಂದ್ರ...”

ಅಲ್ಲಿಗೆ ನಿಮಿಷ ಮುಗಿದು ದನಿ ಕಡಿದುಹೋಗಿತ್ತು. ಎರಡನೆಯದೂ ಹಾಗೇ. ಹತ್ತನೆಯದೂ ಹಾಗೇ. ಇಡೀ ಗಜೇಂದ್ರಗಡ ಆರಾಮಿದೆ, ಊಟವಾಗಿದೆ ಎಂಬುದು ಬಿಟ್ಟು ನನಗೆ ಬೇರೇನೂ ತಿಳಿಯಲಿಲ್ಲ. ಮನೆಗೆ ಬಂದವರಿಗೆ ನೀರು ಕೊಡದೆ ಯಾಕೆ ಬಂದಿರಿ ಎಂದು ನಾವಾದರೂ ಕೇಳುತ್ತೇವೆಯೇ? ಎರಡು ನಿಮಿಷ ಮಾಡಿದೆ. ಮಾತು ನಮ್ಮ ತಾಯಿಯ ಮೊಣಕಾಲು ನೋವಿನವರೆಗೆ ಬಂದು ನಿಂತಿತು. ನಮ್ಮ ತಾಯಿ ಯಾರೆಂದು ಅವರಿಗೆ ಗೊತ್ತೇ ಇರಲಿಲ್ಲ, ಈ ವಯಸ್ಸಿನವಳ ತಾಯಿಗೆ ಮೊಣಕಾಲು ನೋವು ಇದ್ದೇ ಇರಬೇಕೆಂದು ಲೆಕ್ಕ ಹಾಕಿ ಕೇಳಿದ್ದರು. ನೋವು ಇರುವುದೂ ನಿಜ.

ಮೂರು ನಿಮಿಷ ಮಾಡಿದಾಗ ಒಬ್ಬ ಅಜ್ಜಿ ಊಟ ಆತೇನು ಎಂದು ಕೇಳಿ, ಉತ್ತರಕ್ಕೆ ಕಾದು ಕೂತುಬಿಟ್ಟಿದ್ದಳು. ಎರಡೂವರೆ ನಿಮಿಷ ಬರೀ ಮಗ್ಗದ ಸಪ್ಪಳ. ಕೊನೆಗೆ, “ಯಾಕ ಮಾತಾಡವಲ್ಲಿ ಯವ್ವಾ, ನಮ್ಮ ಮ್ಯಾಲ ಸಿಟ್ಟೈತೇನು?” ಎಂದು ದುಃಖದಿಂದ ಕೇಳಿ ಇಟ್ಟಿದ್ದಳು.

ಕೊನೆಗೆ ನಾನೇ ನನ್ನ ದನಿಯಲ್ಲಿ ಮುಂಚೆಯೇ ಎಲ್ಲ ಹೇಳಿ ಹಾಕಿದೆ. “ನಮಸ್ಕಾರ್ರಿ. ನಾವ್ ಆರಾಮದೀವಿ. ಊಟ ಆಗೈತಿ. ಮಳಿ ಬಂದೈತಿ. ಮಕ್ಳು ಸಾಲಿಗೆ ಹೋಗ್ಯಾವ. ನಮ್ಮ ಅವ್ವನ ಮೊಣಕಾಲ ನೋವು ಈಗ ಕಡಿಮಿ ಐತಿ. ಇನ್ನ ನಿಮ್ಮ ತೊಂದರಿ ಹೇಳ್ರಿ.” ಇನ್ನು ಮೇಲೆ ಕೇಳಲು ಏನೂ ಉಳಿದಿಲ್ಲ ಎಂದು ಗೆದ್ದವಳ ಹಾಗೆ ಕೂತೆ.

ಮರುದಿನ ಮೊದಲ ದನಿ ಅದೇ ಅಜ್ಜಿಯದು. ಬಹಳ ಸಮಾಧಾನದಿಂದ ಕೇಳಿದ್ದಳು.

“ಏನ ಅಡಗಿ ಮಾಡಿದ್ದಿ?”

4. ಒಂದು ಓಣಿ, ಒಂದು ಮತ

ಇಷ್ಟೆಲ್ಲ ಆದ ಮೇಲೆ ಬಾವಿ ಕಟ್ಟೆಯ ಮತದಾನ ಬಂತು. ಆ್ಯಪಿನಲ್ಲಿ ಮೂರು ಚಿತ್ರ ಹಾಕಿದ್ದೆವು. ಒಂದರಲ್ಲಿ ಬಣ್ಣದ ದೀಪದ ಕಾರಂಜಿ, ಒಂದರಲ್ಲಿ ಹೂದೋಟ, ಒಂದರಲ್ಲಿ ಗಾಡಿ ನಿಲ್ಲಿಸುವ ಜಾಗ. ಮೂರರಲ್ಲೂ ಅವ್ವ ಇರಲಿಲ್ಲ, ಯಾಕೆಂದರೆ ಮೂರೂ ಮೊದಲ ನಕ್ಷೆಯ ಮೇಲೆ ಬರೆದವು. ನಾನು ಹಟ ಹಿಡಿದು ಕೆಳಗೆ ‘ಇತರೆ’ ಎಂದೊಂದು ಗುಂಡಿ ಇಡಿಸಿದೆ. ಬಾವಿ ಹೂಳು ತೆಗೆದು ಅವ್ವನನ್ನು ಇದ್ದಲ್ಲೇ ಬಿಡಬೇಕು ಎನ್ನುವವರು ಅದನ್ನು ಒತ್ತಬೇಕು ಎಂದು ಕಟ್ಟೆಯ ಓಣಿಯ ಹಿರಿಯರಿಗೆ ಹೋಗಿ ಹೇಳಿದೆ.

“ನೀ ಏನೂ ಕಾಳಜಿ ಮಾಡಬ್ಯಾಡವಾ. ಓಣಿ ಪೂರಾ ಅವ್ವನ ಕಡೆ ಐತಿ” ಎಂದರು ಹಿರಿಯರು.

ಓಣಿಯ ದೈವ, ಅಂದರೆ ಹಿರಿಯ ಕಿರಿಯರೆಲ್ಲರ ಸಭೆ, ಕೂಡಿತು. ಮೂರು ಸಂಜೆ ಮಾತಾಯಿತು. ಒಬ್ಬ ಕಾರಂಜಿ ಚಲೋ ಎಂದನಂತೆ, ಅವನಿಗೆ ತಿಳಿಸಿ ಹೇಳಿದರಂತೆ. ಕೊನೆಗೆ ಎಲ್ಲರೂ ಒಂದೇ ಮಾತಿಗೆ ಬಂದರು. ಅವ್ವ ಇರಬೇಕು, ಬಾವಿ ಸ್ವಚ್ಛ ಆಗಬೇಕು, ಕಾರಂಜಿ ಬೇಡ. ಈ ಸುದ್ದಿ ಕೇಳಿ ನಾನು ಹುಬ್ಬಳ್ಳಿಯಲ್ಲಿ ಸಹೋದ್ಯೋಗಿಗಳಿಗೆಲ್ಲ ಮಿರ್ಚಿ ಭಜಿ ತರಿಸಿ ಕೊಟ್ಟೆ.

ಫಲಿತಾಂಶ ಬಂತು. ಬಣ್ಣದ ದೀಪ ನೋಡಿ ಮರುಳಾದ ಬೇರೆ ಬಡಾವಣೆಗಳ ಹುಡುಗರು ಮನೆಮನೆಯಿಂದ ಒತ್ತಿ ಕಾರಂಜಿಯನ್ನು ಮೇಲೆ ತಂದಿದ್ದರು. ಹೂದೋಟ ಎರಡನೆಯದು. ಗಾಡಿ ನಿಲ್ಲಿಸುವ ಜಾಗ ಮೂರನೆಯದು. ‘ಇತರೆ’ಗೆ ಬಿದ್ದದ್ದು ಒಂದು ಮತ.

ಮುಂದಿನ ಬಸ್ಸಿಗೇ ಹೊರಟೆ. ಹಿರಿಯರು ಕಟ್ಟೆಯ ಮೇಲೆ ನೆಮ್ಮದಿಯಿಂದ ಕೂತಿದ್ದರು.

“ಯಜಮಾನ್ರ, ಓಣಿ ಪೂರಾ ಹಾಕ್ತೀವಿ ಅಂದ್ರೆಲ್ಲ?”

“ಹಾಕೇವಲ್ಲ. ನನ್ನ ಮೊಬೈಲ್‌ಲೆ ನಾನ ಒತ್ತೀನಿ.”

“ಉಳಿದಾವ್ರು?”

“ಉಳಿದಾವ್ರ ಯಾಕ ಒತ್ತಬೇಕು? ಎಲ್ಲಾರೂ ಕೂಡಿ ಒಂದ ಮಾತ ಆಡೇವಿ. ಒಂದ ಮಾತ ಹೇಳಾಕ ನೂರ ಮಂದಿ ಹೋದ್ರ, ಇವರೊಳಗ ಹೊಂದಾಣಿಕಿ ಇಲ್ಲ ಅಂತ ಪುರಸಭೆಯವ್ರು ತಿಳ್ಕೊಳ್ಳೂದಿಲ್ಲೇನು?”

ಊರವರೆಲ್ಲ ಸೇರಿ ಕೂತು ಮಾತಾಡಿ ತೀರ್ಮಾನಿಸಬೇಕು ಎಂದು ನಮ್ಮ ಆ್ಯಪಿನ ಮೊದಲ ಪುಟದಲ್ಲೇ ಬರೆದಿದ್ದೇವೆ. ಮೂರೂ ಊರುಗಳಲ್ಲಿ ಅದನ್ನು ಪಾಲಿಸಿದವರು ಇವರೊಬ್ಬರೇ, ಸೋತವರೂ ಇವರೇ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹಿರಿಯರು ನನ್ನ ಮುಖ ನೋಡಿ ಸಮಾಧಾನ ಹೇಳಿದರು.

“ಚಿಂತಿ ಮಾಡಬ್ಯಾಡ. ನಾ ಹಗೂರಕ ಒತ್ತಿಲ್ಲ, ಭಾಳ ಜೋರಲೆ ಒತ್ತೀನಿ.”

5. ದಾಖಲೆ ತೋರಿಸಿ

ಕಾರಂಜಿಗೆ ಒಪ್ಪಿಗೆ ಕೊಡುವ ಸಭೆ ಪುರಸಭೆಯ ಸಭಾಂಗಣದಲ್ಲಿ ಒಂದು ಮುಂಜಾನೆ ಸೇರಿತು. ಮುಖ್ಯಾಧಿಕಾರಿ ಸಾಹೇಬರು ನಡುವೆ, ಅವರ ಪಕ್ಕ ಎಂಜಿನಿಯರ್, ಮುಂದೆ ಓಣಿಯ ಹಿರಿಯರು. ಈ ಎಂಜಿನಿಯರ್ ವರ್ಗವಾಗಿ ಬಂದು ಒಂದು ವರ್ಷವಾಗಿತ್ತು, ಕಾರಂಜಿಯ ಮೇಲೆ ಅವರಿಗೆ ಬಹಳ ಜೀವ. ಬಾಗಿಲ ಹತ್ತಿರ, ಕುರ್ಚಿ ಕೊಟ್ಟರೂ ಬೇಡವೆಂದು, ನೆಲದ ಮೇಲೆ ಉಳ್ಳಾಗಡ್ಡಿ ಅವ್ವ ಕೂತಿದ್ದಳು. ವ್ಯಾಪಾರದ ಹೊತ್ತಿನಲ್ಲಿ ಆಕೆ ಕಟ್ಟೆ ಬಿಟ್ಟು ಬಂದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ತಕ್ಕಡಿಯನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಅದನ್ನು ನೋಡಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನನ್ನ ಒಂದು ಬೆರಳು ಅಳಿಸಿದ್ದಕ್ಕೆ ಈ ಮುದುಕಿ ಇಲ್ಲಿಗೆ ಬರಬೇಕಾಯಿತು.

ಸಾಹೇಬರು ಕೆಟ್ಟವರಲ್ಲ, ಕಾಗದದ ಮನುಷ್ಯ. “ಅವ್ವನ ಮ್ಯಾಲ ನನಗೇನ ಸಿಟ್ಟಿಲ್ಲ. ಆದ್ರ ಮತ ಕಾರಂಜಿಗೆ ಬಂದೈತಿ. ಆ ಜಾಗದಾಗ ಒಬ್ಬಾಕಿ ಕುಂದರ್ತಾಳ ಅಂತ ಒಂದರ ದಾಖಲೆ ತೋರಸ್ರಿ, ವಿಚಾರ ಮಾಡೂಣು” ಎಂದರು.

ಎಂಜಿನಿಯರ್ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದರು. “ನಕ್ಷಾದಾಗ ಇಲ್ರೀ ಸರ. ಮೇಡಂ ಅವ್ರ ಬರದದ್ದು. ಬಾವಿ ಐತಿ, ಗಿಡ ಐತಿ, ಕಂಬ ಐತಿ. ಅಲ್ಲಿ ಯಾರೂ ಇಲ್ಲ.”

ನಾನು ಎದ್ದು, ನಕ್ಷೆಯ ತಪ್ಪು ನನ್ನದು ಎಂದೆ. ಹಿಂದಿನ ದಿನ ಯಾವ ಓಣಿಯಿಂದ ಎಷ್ಟು ಮತ ಬಂದಿವೆ ಎಂದು ನೋಡಲು ವಿಳಾಸಗಳನ್ನು ತೆರೆದಿದ್ದೆ. ಆ್ಯಪಿಗೆ ಸೇರುವಾಗ ಎಲ್ಲರೂ ವಿಳಾಸ ಬರೆಯಬೇಕು. ಮನೆ ನಂಬರ್ ಎಂಬಲ್ಲಿ ಬಹಳ ಮಂದಿ ಏನೂ ಬರೆದಿರಲಿಲ್ಲ. ಮನೆಯ ಗುರುತು ಎಂಬಲ್ಲಿ ಮಾತ್ರ ಎಲ್ಲರೂ ಬರೆದಿದ್ದರು. ಹೆಸರುಗಳನ್ನು ಮುಚ್ಚಿ, ಆ ಸುತ್ತಿನ ಗುರುತುಗಳನ್ನಷ್ಟೇ ಗೋಡೆಯ ಪರದೆಯ ಮೇಲೆ ಹಾಕಿ ಓದತೊಡಗಿದೆ.

“ಉಳ್ಳಾಗಡ್ಡಿ ಅವ್ವನ ಎದುರಿಗೆ. ಉಳ್ಳಾಗಡ್ಡಿ ಅವ್ವನಿಂದ ಮೂರನೇ ಮನಿ. ಉಳ್ಳಾಗಡ್ಡಿ ಅವ್ವನ ಎಡಗೈ ಕಡೆ ಹಿಟ್ಟಿನ ಗಿರಣಿ. ಉಳ್ಳಾಗಡ್ಡಿ ಅವ್ವನ ಹತ್ತರ ಬಂದು ಕೇಳಿದ್ರ ಹೇಳ್ತಾಳ.”

ಸಭೆಯಲ್ಲಿ ನಗೆ ಶುರುವಾಯಿತು. ಪಕ್ಕದ ಓಣಿಗಳಲ್ಲಿ ಕಾರಂಜಿಗೆ ಮತ ಹಾಕಿದವರ ಗುರುತುಗಳೂ ಅದರಲ್ಲಿದ್ದವು. ನಾನು ಮುಂದಿನದನ್ನು ಓದಿದೆ.

“ಉಳ್ಳಾಗಡ್ಡಿ ಅವ್ವನ ಹಿಂದಿನ ಗಲ್ಲಿ, ನೀಲಿ ಗೇಟು.”

ಎಲ್ಲರೂ ತಿರುಗಿ ಎಂಜಿನಿಯರ್ ಕಡೆ ನೋಡಿದರು. ಆ ಗಲ್ಲಿಯಲ್ಲಿ ನೀಲಿ ಗೇಟು ಇರುವುದು ಒಂದೇ ಮನೆಗೆ.

ಎಂಜಿನಿಯರ್ ಮುಖ ಕೆಂಪಾಯಿತು. ಆದರೂ ಸೋಲಲಿಲ್ಲ. “ಸರ, ಅದು ಮನಿ ಹುಡುಕೂ ಸಲುವಾಗಿ ಮಂದಿ ಬರದದ್ದು. ದಾಖಲೆ ಅಂದ್ರ ಸಿಕ್ಕಾ ಇರಬೇಕು, ಸಹಿ ಇರಬೇಕು. ನಕ್ಷಾದ ಪ್ರಕಾರ ಅಲ್ಲಿ ಅಂಥಾಕಿ ಯಾರೂ ಇಲ್ಲ.”

ಸಾಹೇಬರು ಗಲ್ಲ ಉಜ್ಜಿಕೊಂಡರು. ಮಂದಿ ಬರೆದದ್ದನ್ನು ಕಡತಕ್ಕೆ ಹಾಕಲು ಅವರಿಗೂ ಧೈರ್ಯ ಸಾಲದು. ಪೆನ್ನು ತೆಗೆದುಕೊಂಡರು. ಇಷ್ಟೇ, ಮುಗಿಯಿತು ಎಂದುಕೊಂಡೆ. ಅವ್ವ ನನ್ನನ್ನೇ ನೋಡುತ್ತಿದ್ದಳು, ನನಗೆ ಆಕೆಯ ಕಡೆ ನೋಡಲಾಗಲಿಲ್ಲ.

ಆಗ ಎಂಜಿನಿಯರ್ ಫೋನು ಬಡಿದುಕೊಂಡಿತು. ಕೊರಿಯರ್‌ನವನು. ಮೆಲ್ಲಗೆ ಮಾತಾಡುವ ಕೊರಿಯರ್‌ನವನನ್ನು ನಾನಿನ್ನೂ ಕಂಡಿಲ್ಲ, ಇವನ ದನಿಯೂ ಸಭೆಗೆಲ್ಲ ಕೇಳಿಸಿತು.

“ಸರ, ನಿಮ್ಮ ಪಾರ್ಸಲ್ ತಂದೇನ್ರಿ. ಬಾವಿ ಕಟ್ಟೀ ಹತ್ತರ ನಿಂತೀನಿ. ಅವ್ವನ ಹಿಂದಿನ ಗಲ್ಲಿ ಅಂತ ಬರದೀರಿ, ಇಲ್ಲಿ ಅವ್ವ ಇಲ್ರಿ. ಹಿಂದ ನಾಲ್ಕ ಗಲ್ಲಿ ಅದಾವ, ಯಾವುದ್ರಿ? ಮುಂಜಾನಿಂದ ಒಂದೂ ಮನಿ ಸಿಗವಲ್ದು. ಅವ್ವ ಎಲ್ಲಿ ಹೋದ್ಲ್ರೀ?”

ಎಂಜಿನಿಯರ್ ಒಂದು ಸಲ ನಕ್ಷೆ ನೋಡಿದರು. ಒಂದು ಸಲ ಬಾಗಿಲ ಹತ್ತಿರ ನೋಡಿದರು. ಫೋನಿಗೆ ಕೈ ಅಡ್ಡ ಹಿಡಿದು ಹೇಳಿದರು:

“ಅಲ್ಲೇ ನಿಂದರು. ಅವ್ವ ಇಲ್ಲೆದಾಳ. ಈಗ ಕಳಸ್ತೀನಿ.”

ಸಾಹೇಬರು ಮೊದಲು ನಕ್ಕರು, ಆಮೇಲೆ ಸಭೆ ಬಿದ್ದು ಬಿದ್ದು ನಕ್ಕಿತು. ನಗೆ ತಗ್ಗಿದ ಮೇಲೆ ಸಾಹೇಬರು ಕಾರಂಜಿಯ ಕಾಗದದ ಮೇಲೆ ಅಡ್ಡಗೆರೆ ಎಳೆದರು. “ಬಾವಿ ಹೂಳ ತಗಸ್ರಿ. ಕಟ್ಟಿ ರಿಪೇರಿ ಮಾಡಸ್ರಿ. ಅವ್ವ ಇದ್ದಲ್ಲೆ ಇರ್ಲಿ, ಗಿಡದ ಬುಡಕ್ಕ ಒಂದ ಫರಸಿ ಹಾಕಿ ಕೊಡ್ರಿ. ಮೇಡಂ, ನಕ್ಷಾ ತಿದ್ರಿ, ಈಗ ಇಲ್ಲೇ ತಿದ್ರಿ, ನಾ ಸಹಿ ಮಾಡ್ತೀನಿ.” ಎಂಜಿನಿಯರ್ ತಾವೇ ಪೆನ್ನು ಕೊಟ್ಟರು. ಬೇವಿನ ಮರದ ಬುಡದಲ್ಲಿ ನಾನು ಒಂದು ಚುಕ್ಕೆ ಇಟ್ಟೆ.

ಅವ್ವ ತಕ್ಕಡಿ ಎತ್ತಿಕೊಂಡು ಎದ್ದಳು. ಬಾಗಿಲ ಬಳಿ ನಿಂತು, ತಿರುಗಿ ಎಂಜಿನಿಯರ್ ಕೂತ ಮೇಜಿನ ಹತ್ತಿರ ಬಂದಳು.

“ಸಾಹೇಬ್ರ, ಪಾರ್ಸಲ್ ನಾನ ಇಸ್ಕೋತೀನಿ. ನಿಮ್ಮ ಮನಿಯಾಕಿ ಮುಂಜಾನೆ ಯಾವಗಲ್ ಊರಿನ ತೌರಮನಿಗೆ ಹೋಗ್ಯಾಳ, ಬರೂದು ಸಂಜಿ ಬಸ್ಸಿಗೆ. ನಿಮಗ ಹೇಳಾಕ ಫೋನ್ ಹಚ್ಚಿದ್ಲಂತ, ಮೀಟಿಂಗ್ ಐತಿ ಅಂತ ನೀವ್ ಎತ್ತಲಿಲ್ಲಂತ.”

ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ಏಳೆಂಟು ಬೀಗದ ಕೀಲಿಗಳಿದ್ದವು. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ನೀಲಿ ದಾರ ಕಟ್ಟಿದ್ದನ್ನು ಆರಿಸಿ, ಸಹಿ ಸಿಕ್ಕಾ ಎಲ್ಲ ಇದ್ದ ನಕ್ಷೆಯ ಮೇಲೆ ಇಟ್ಟಳು.

“ನಿಮ್ಮ ಮನಿ ಕೀಲಿ. ನೀವಂತೂ ಅಲ್ಲಿ ಯಾರೂ ಇಲ್ಲ ಅಂದ್ರಿ, ಹಂಗಾರ ಇದನ್ನ ಯಾರ ಕಡೆ ಇಡ್ಲಿ?”